ಕಟ್ ಅನ್ನದ ಬೇಸಿಗೆ

ಬಳ್ಳಾರಿಯಿಂದ ಮೋಕಕ್ಕೆ ಹೋಗುವ ರಸ್ತೆಯಲ್ಲಿ ಇಟ್ಟಿಗೆ ಭಟ್ಟಿಗಳಿವೆ. ಬೇಸಿಗೆಯಲ್ಲಿ ಅಲ್ಲಿ ಭತ್ತದ ಹೊಟ್ಟು ಹಾಕಿ ಸುಡುತ್ತಾರೆ. ಆ ಹೊಗೆ ಬಸ್ಸಿನೊಳಗೆ ನುಗ್ಗಿದರೆ ಉಳಿದವರು ಸೆರಗಿನಿಂದಲೋ ಟವೆಲ್ಲಿನಿಂದಲೋ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಎದುರು ಸೀಟಿನ ಕಂಬಿ ಹಿಡಿದು ಜನರ ಕೈಗಳನ್ನು ನೋಡತೊಡಗುತ್ತೇನೆ. ಯಾರ ಕೈಯಲ್ಲಿ ಏನಿದೆ, ಯಾರು ಮುಷ್ಟಿ ಕಟ್ಟಿದ್ದಾರೆ, ಬಾಗಿಲಿಗೆ ಎಷ್ಟು ಹೆಜ್ಜೆ. ಮೂರು ವರ್ಷವಾಯಿತು, ಈ ಚಟ ಬಿಟ್ಟಿಲ್ಲ. ಸಿರುಗುಪ್ಪದ ಅಕ್ಕಿ ಮಿಲ್ಲುಗಳಲ್ಲೂ ಅದೇ ಹೊಟ್ಟು ಸುಡುತ್ತಾರೆ, ಅದೇ ವಾಸನೆ.

ಆ ಬೇಸಿಗೆಯಲ್ಲಿ ನಾನೊಂದು ಸಿನಿಮಾಕ್ಕೆ ಕೆಲಸ ಮಾಡಿದೆ. ಬಳ್ಳಾರಿಯಲ್ಲಿ ಎಂ.ಎ. ಮುಗಿಸಿ, ಯಾವ ಕಾಲೇಜೂ ಕರೆಯದೆ ಮನೆಯಲ್ಲಿ ಕೂತಿದ್ದೆ. ನಮ್ಮೂರಿನವನೇ ಆದ ಅರವಿಂದ ಎಂಬ ನಿರ್ದೇಶಕ ಒಂದು ಪ್ರೇಮಕಥೆ ತೆಗೆಯಲು ಹೊರಟಿದ್ದ. ಅಕ್ಷರ ನೆಟ್ಟಗಿರುವ, ನೋಡಿದ್ದನ್ನು ಮರೆಯದ ಒಬ್ಬಳು ಬೇಕು ಎಂದನಂತೆ. ಯಾರೋ ನನ್ನ ಹೆಸರು ಹೇಳಿದರು. ಆಗ ಅವನನ್ನು ಸಾರ್ ಎನ್ನುತ್ತಿದ್ದೆ. ಈಗ ಬರೆಯುವಾಗ ಏಕವಚನವೇ ಬರುತ್ತದೆ. ಬರಲಿ, ತಿದ್ದುವುದಿಲ್ಲ.

ಕಥೆ ದೊಡ್ಡದೇನಲ್ಲ. ರಸಮಂಜರಿ ತಂಡವೊಂದರಲ್ಲಿ ರಿದಮ್ ಪ್ಯಾಡ್ ಬಾರಿಸುವ ಹುಡುಗ. ಬೇಸಿಗೆ ರಜೆಗೆ ಬಂದಿರುವ ಹುಡುಗಿ. ತಂಡ ಹೋದ ಊರಿಗೆಲ್ಲ ಅವಳೂ ಏನೋ ನೆಪ ಹೇಳಿ ಹೋಗುತ್ತಾಳೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಮೂರು ಊರು, ಮೂರು ಕಾರ್ಯಕ್ರಮ. ಮೂರನೆಯದರಲ್ಲಿ ಅಣ್ಣನ ಕೈಗೆ ಸಿಕ್ಕಿಬೀಳುತ್ತಾಳೆ. ಸಾವಿರ ಜನರನ್ನು ದುಡ್ಡು ಕೊಟ್ಟು ಕೂರಿಸುವ ತಾಕತ್ತು ನಮಗಿರಲಿಲ್ಲ. ಅದಕ್ಕೆ ಅರವಿಂದ ಹೂಡಿದ ಉಪಾಯ ನಿಜವಾದ ಕಾರ್ಯಕ್ರಮಗಳಲ್ಲೇ ಕಥೆಯನ್ನು ಸೇರಿಸುವುದು. ಹಾಡುವವರು ನಿಜ, ಕೇಳುವವರು ನಿಜ, ಶಿಳ್ಳೆ ನಿಜ, ಬೆವರು ನಿಜ. ನಡುವೆ ನಮ್ಮಿಬ್ಬರು ಸುಳ್ಳು ಪ್ರೇಮಿಗಳು.

ಹುಡುಗನ ಪಾತ್ರಕ್ಕೆ ಕೌಲ್‌ಬಜಾರಿನ ಮೊಬೈಲ್ ಅಂಗಡಿಯ ಕಿರಣ, ಹುಡುಗಿಗೆ ಡಿಗ್ರಿ ಓದುತ್ತಿದ್ದ ದೀಪಾ. ನಮ್ಮ ಹಾಡು ಬಂದಾಗ ತಂಡದ ಅಸಲಿ ವಾದಕ ಪರದೆಯ ಹಿಂದೆ ಸರಿದು ಇನ್ನೊಂದು ಪ್ಯಾಡ್ ಬಾರಿಸುತ್ತಿದ್ದ. ಅವನ ಜಾಗದಲ್ಲಿ ಕಿರಣ ವೈರು ಕಿತ್ತ ಪ್ಯಾಡಿಗೆ ಕೋಲು ಬಡಿಯುತ್ತಿದ್ದ. ಹಾಡು ಒಂದೇ ಸಲ ಆಗುವುದು, ಮತ್ತೊಮ್ಮೆ ಹಾಡಿರಿ ಎನ್ನಲಾಗದು. ಹಾಗಾಗಿ ದೀಪಾಳ ಮುಖದ ಹತ್ತಿರದ ಚಿತ್ರಗಳನ್ನು ಆಮೇಲೆ ಬೇರೆ ದಿನ, ಆ ಹಾಡಿನ ರೆಕಾರ್ಡಿಂಗ್ ಹಚ್ಚಿ ತೆಗೆಯುತ್ತಿದ್ದೆವು. ಅವಳ ಹಣೆಗೆ ನೀರು ಚಿಮುಕಿಸಿ ಬೆವರು ಮಾಡುವವಳು ನಾನು. ದುಪಟ್ಟಾ ಎಡ ಹೆಗಲ ಮೇಲಿತ್ತೋ ಬಲಕ್ಕೋ, ಯಾವ ಚರಣದಲ್ಲಿ ಕೆಂಪು ದೀಪ ಬಂತು, ಅವಳ ಹಿಂದೆ ನಿಂತ ಮುದುಕ ಯಾವಾಗ ಕೆಮ್ಮಿದ, ಎಲ್ಲ ನನ್ನ ಪುಸ್ತಕದಲ್ಲಿರಬೇಕು. ನಿಜವೂ ಸುಳ್ಳೂ ಕೂಡುವ ಹೊಲಿಗೆ ಕಾಣದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅದರಲ್ಲಿ ಹೆಮ್ಮೆಯೂ ಇತ್ತು.

ಪ್ರೇಮದ ಮಾತುಗಳನ್ನು ಸಂಗನಕಲ್ಲಿನ ಗುಡ್ಡದಲ್ಲಿ ಹಾಡುಹಗಲೇ ತೆಗೆದೆವು. ಬಂಡೆ ರೊಟ್ಟಿ ಹಂಚಿನಂತೆ ಕಾದಿರುತ್ತಿತ್ತು. ದೀಪಾ ಒದ್ದೆ ಗೋಣಿಚೀಲ ಹಾಸಿ, ಅದು ಕಾಣದಂತೆ ಲಂಗ ಹರಡಿ ಕೂತು, "ನೀ ಬಾರ್ಸೋದು ನೋಡಾಕ ಬಂದೀನಿ, ಹಾಡು ಕೇಳಾಕಲ್ಲ" ಎಂದು ಮೆಲ್ಲಗೆ ಹೇಳುವಳು. ಕಟ್ ಎಂದ ತಕ್ಷಣ, "ಏಳೋ ಕಿರಣ್ಯಾ, ಸುಟ್ಟು ಹಪ್ಪಳ ಆದ್ನಿ!" ಎಂದು ಕಿರುಚುವಳು. ಅವರಿಬ್ಬರ ನಡುವೆ ಪ್ರೇಮ ಇರಲಿಲ್ಲ. ಒಬ್ಬರ ನೀರಿನ ಬಾಟಲಿಯನ್ನು ಇನ್ನೊಬ್ಬರು ಕದಿಯುವಷ್ಟು ಸಲಿಗೆ ಇತ್ತು, ಅಷ್ಟೇ.

ಅಣ್ಣನ ಪಾತ್ರಕ್ಕೆ ಬಂದವರು ಬಾಷಣ್ಣ. ಪೂರ್ತಿ ಹೆಸರು ಮಹಬೂಬ್ ಬಾಷಾ. ನಾಟಕ ಕಂಪನಿಗಳಲ್ಲಿ ವರ್ಷಗಟ್ಟಲೆ ಖಳನಾಯಕನ ಪಾರ್ಟು ಮಾಡಿ, ಈಗ ಹಳ್ಳಿ ಹಳ್ಳಿಗೆ ಹೋಗಿ ರೈತರಿಗೆ ನಾಟಕ ಕಲಿಸುವ ಮೇಷ್ಟ್ರು. ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟುವ ಗಂಟಲು. "ನಂದು ಹೊಡಸ್ಕೊಳ್ಳೋ ಜನ್ಮ ತಂಗೀ," ಎಂದು ನನಗೆ ಹೇಳಿದ್ದರು. "ಕಡೀ ಸೀನಿನಾಗ ಹೀರೋ ಬಂದು ನಾಕು ಬಿಗೀದಿದ್ರ ನನಗ ನಿದ್ದಿ ಬರೂದಿಲ್ಲ. ಈಗ ಮೊದಲನೇ ಸಲ ಹೀರೋನ್ನ ನಾ ಹೊಡಿಯಾಕ ಹತ್ತೀನಿ. ಅಲ್ಲಾ ಕಣ್ಣು ತೆರದ." ರಂಗದ ಮೇಲೆ ಹೊಡೆಯುವ ಬಗೆಯನ್ನು ಕಿರಣನಿಗೆ ಅವರೇ ಕಲಿಸಿದರು. ಕೆನ್ನೆಯಿಂದ ಗೇಣು ದೂರದಲ್ಲಿ ಕೈ ಬೀಸುವುದು, ಇನ್ನೊಂದು ಕೈಯಿಂದ ತನ್ನ ತೊಡೆಗೇ ಫಟ್ ಎಂದು ಹೊಡೆದುಕೊಳ್ಳುವುದು, ಪೆಟ್ಟು ತಿಂದವನು ಕತ್ತು ತಿರುಗಿಸುವುದು. ಕಿರಣ ಒಂದು ಕ್ಷಣ ಮೊದಲೇ ಕತ್ತು ತಿರುಗಿಸಿಬಿಡುತ್ತಿದ್ದ. "ಹೊಡ್ತ ಬರಾಕಿಂತ ಮೊದ್ಲ ಯಾಕ ಸಾಯ್ತಿ ಮಗನ?" ಎಂದು ಅವರು ನಗುತ್ತಿದ್ದರು.

ಕುರುಗೋಡಿನಲ್ಲಿ ನಮ್ಮ ಲೆಕ್ಕಾಚಾರ ಕೆಟ್ಟಿತು. ಜನರಿಗೆ ತಿಳಿಸಬೇಕಲ್ಲ ಎಂದು ನಾನೇ ಒಂದು ಚೀಟಿ ಬರೆದು ಅನೌನ್ಸರ್ ಕೈಗೆ ಕೊಟ್ಟಿದ್ದೆ. ಇಲ್ಲಿ ಸಿನಿಮಾ ಚಿತ್ರೀಕರಣ ನಡೆದಿದೆ, ದಯವಿಟ್ಟು ಸಹಕರಿಸಿ ಎಂದು. ಅವನು ಓದಿದ ಮರುಗಳಿಗೆ ಇಡೀ ಮೈದಾನ ಕ್ಯಾಮೆರಾದ ಕಡೆ ತಿರುಗಿತು. ಕೂಸುಗಳನ್ನು ಎತ್ತಿ ಹಿಡಿದರು. ಟವೆಲ್ ತಿರುಗಿಸಿದರು. ಗಾಯಕಿಯನ್ನು ನೋಡುವವರು ಒಬ್ಬರೂ ಇಲ್ಲ. ಗುಡ್ಡದ ಹಿನ್ನೆಲೆ, ಬಣ್ಣದ ದೀಪ, ಅಷ್ಟು ಚಂದದ ಸಂಜೆಯ ಚಿತ್ರವೆಲ್ಲ ಹಾಳು. ಅರವಿಂದ ಎಲ್ಲರೆದುರು ನನ್ನ ಪುಸ್ತಕ ಕಿತ್ತು ನೆಲಕ್ಕೆಸೆದ. "ಇನ್ನೊಂದ್ಸಲ ಚೀಟಿ ಗೀಟಿ ಅಂದ್ರ ಮನೀಗೆ ಹೋಗು. ನನಗ ಬೇಕಾಗಿರೋದು ಕ್ಯಾಮೆರಾ ನೋಡೋ ಮಂದಿ ಅಲ್ಲ" ಎಂದ.

ಹಾಗಾಗಿ ಸಿರುಗುಪ್ಪದಲ್ಲಿ ಚೀಟಿ ಕೊಡಲಿಲ್ಲ. ಬರೆದಿದ್ದೆ. ಪುಸ್ತಕದೊಳಗೆ ಮಡಚಿ ಇಟ್ಟುಕೊಂಡಿದ್ದೆ. ಕೊಡಲಿಲ್ಲ.

ಅಕ್ಕಿ ಮಿಲ್ಲೊಂದರ ಭತ್ತ ಒಣಗಿಸುವ ಕಣದಲ್ಲಿ ಕಾರ್ಯಕ್ರಮ. ಸುತ್ತಲೂ ಆಳೆತ್ತರದ ಗೋಡೆ, ಒಂದೇ ಗೇಟು. ಹಗಲೆಲ್ಲ ಕಾದ ಸಿಮೆಂಟು ಸಂಜೆಯೂ ಕಾಲಿನ ಕೆಳಗೆ ಬಿಸಿ ಉಗುಳುತ್ತಿತ್ತು. ಪಕ್ಕದಲ್ಲೇ ಹೊಟ್ಟಿನ ಹೊಗೆ. ಹಚ್ಚೊಳ್ಳಿ ಕಡೆಯಿಂದೆಲ್ಲ ಟ್ರ್ಯಾಕ್ಟರು ತುಂಬಿಕೊಂಡು ಜನ ಬಂದಿದ್ದರು. ಕರೆಂಟು ಎರಡು ಸಲ ಹೋಗಿ, ಜನರೇಟರು ತಡವಾಗಿ, ಅವರು ಮೊದಲೇ ಕೆರಳಿದ್ದರು. ತೆಲುಗು ಹಾಡು ಬೇಕೆಂದು ಒಂದು ಕಡೆಯವರು, ಕನ್ನಡವೇ ಆಗಲಿ ಎಂದು ಇನ್ನೊಂದು ಕಡೆಯವರು ಕೂಗಾಡುತ್ತಿದ್ದರು. ವೇದಿಕೆಗೆ ಎಸೆದ ನೀರಿನ ಪ್ಯಾಕೆಟ್ಟೊಂದು ಗಾಯಕನ ಎದೆಗೆ ಬಡಿದು ಒಡೆಯಿತು. ಅಂಥ ಜನರ ನಡುವೆ ಒಂದು ಸುಳ್ಳು ಜಗಳ ಹಚ್ಚಲು ನಾವು ಹೊರಟಿದ್ದೆವು. ಯಾರಿಗೂ ಹೇಳದೆ.

ಅರವಿಂದ ಕ್ಯಾಮೆರಾದವನ ಜತೆ ಒಂದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ನಿಂತಿದ್ದ. ನಮ್ಮೆಲ್ಲರ ಫೋನುಗಳು ಒಂದೇ ಕಾಲ್‌ನಲ್ಲಿ. ಕಿವಿಯೊಳಗೆ ಅವನ ಧ್ವನಿ. ನಾನು ವೇದಿಕೆಯ ಮೆಟ್ಟಿಲ ಪಕ್ಕ. ಸೂರ್ಯ ಮುಳುಗಿ ಅರ್ಧ ತಾಸು ಆಗಿತ್ತೋ ಇಲ್ಲವೋ. ಎರಡನೆಯ ಹಾಡಿನ ನಡುವೆ ಬಾಷಣ್ಣ ಜನರನ್ನು ಸೀಳಿಕೊಂಡು ಬಂದು ದೀಪಾಳ ತೋಳು ಹಿಡಿದರು. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ದೀಪಾ ಚೀರಿದಳು. ಬರೆದಂತೆಯೇ ಕಿರಣ ವೇದಿಕೆಯಿಂದ ಧುಮುಕಿ ಓಡಿದ.

"ಕುರುಗೋಡಿನಿಂದ ಇಲ್ಲೀತನಕ ಹುಡುಕ್ಕೋತ ಬಂದೀನಿ! ನನ್ನ ತಂಗೀನ ಬೇಕಾಗಿತ್ತೇನಲೇ ನಿನಗ?"

ಆ ಗಂಟಲು! ಹಾಡಿನ ಸದ್ದನ್ನು ಮೀರಿ ಗೋಡೆಗೆ ಬಡಿದು ಬಂತು. ಕೈ ಬೀಸಿದರು, ತೊಡೆಗೆ ಹೊಡೆದುಕೊಂಡರು, ಕಿರಣ ಈ ಸಲ ಸರಿಯಾದ ಹೊತ್ತಿಗೆ ಕತ್ತು ತಿರುಗಿಸಿದ. ಇಷ್ಟಕ್ಕೆ ಮುಗಿಯಬೇಕಿತ್ತು. ಬಾಷಣ್ಣ ದೀಪಾಳನ್ನು ಎಳೆದುಕೊಂಡು ಗೇಟಿನ ಕಡೆ ಹೋಗಬೇಕು, ಕಿರಣ ಅಲ್ಲೇ ನಿಂತು ನೋಡಬೇಕು. ನಾನು ಪುಸ್ತಕದಲ್ಲಿ ಸರಿ ಎಂದು ಗೀಟು ಹಾಕಿದೆ.

ತಲೆ ಎತ್ತುವಷ್ಟರಲ್ಲಿ ಯಾರೋ ಕಿರಣನ ಕಾಲರ್ ಹಿಡಿದಿದ್ದರು.

"ಎಲ್ಲಿ ಹೊಕ್ಕೀಲೇ? ಹೆಣ್ಣುಮಕ್ಕಳು ಅಂದ್ರ ಆಟದ ಸಾಮಾನೇನಲೇ?"

ಒಬ್ಬನ ಕೈ ನಾಲ್ಕಾಯಿತು. ನಾಲ್ಕು ಎಷ್ಟಾಯಿತೋ ಎಣಿಸಲಾಗಲಿಲ್ಲ. "ಕೊಟ್ಟಂಡ್ರಾ ವಾಣ್ಣಿ!" ಎಂದು ಹಿಂದಿನಿಂದ ತೆಲುಗಿನಲ್ಲಿ ಕೂಗು, ಹೊಡೆಯಿರಿ ಅವನನ್ನು ಎಂದು. ಚಪ್ಪಲಿ ಬಂತು. ಬೇಲಿಗೆ ಕಟ್ಟಿದ್ದ ಬೊಂಬನ್ನು ಕಿತ್ತರು. ನಮಗೆ ಹೊಳೆದೇ ಇರಲಿಲ್ಲ. ಜನ ಪ್ರೇಮಿಗಳ ಪರ ಅಯ್ಯೋ ಅನ್ನುತ್ತಾರೆ, ಅಣ್ಣನನ್ನು ಬೈಯುತ್ತಾರೆ ಎಂದುಕೊಂಡಿದ್ದೆವು. ಸಿನಿಮಾ ನೋಡುವಾಗ ಹಾಗೆಯೇ ಮಾಡುತ್ತಾರೆ. ಆದರೆ ಅವರು ಸಿನಿಮಾ ನೋಡುತ್ತಿರಲಿಲ್ಲ.

ನನ್ನ ಕಿವಿಯೊಳಗೆ ಅರವಿಂದ ಉಸಿರು ಬಿಗಿಹಿಡಿದು ಹೇಳುತ್ತಿದ್ದ: "ಯಾರೂ ಕಟ್ ಅನ್ನಬ್ಯಾಡ್ರಿ. ಹೋಗ್ಲಿ, ಹೋಗ್ಲಿ. ಹಿಂಗ ಬಂಗಾರದಂಥದ್ದು ಸಿಗೂದಿಲ್ಲ."

"ಸಾರ್, ನಿಜವಾಗಿ ಹೊಡಿಯಾಕ ಹತ್ಯಾರ್ರೀ!" ಎಂದೆ.

"ಗೊತ್ತೈತಿ, ಸುಮ್ನಿರು."

ಗೊತ್ತೈತಿ ಎಂದ. ಆ ಮಾತು ರೆಕಾರ್ಡ್ ಆಗಿಲ್ಲ. ನನ್ನ ಕಿವಿಯೇ ಸಾಕ್ಷಿ.

ಗಾಯಕ ಸಾಲಿನ ನಡುವೆ ನಿಲ್ಲಿಸಿದ. ಕೊಳಲಿನವನು ಎದ್ದು ನಿಂತ. ಕೀಬೋರ್ಡಿನ ಯಂತ್ರದ ತಾಳ ಮಾತ್ರ ಯಾರೂ ಆರಿಸದೆ ಟಕ ಟಕ ಎಂದು ನಡೆದೇ ಇತ್ತು. ಆ ತಾಳಕ್ಕೆ ಸರಿಯಾಗಿ ಅವನನ್ನು ಹೊಡೆಯುತ್ತಿದ್ದಾರೆ ಅನ್ನಿಸಿತು. ವೇದಿಕೆ ಹತ್ತಿ ಓಡಿದೆ. ಚೀಟಿ ತೆಗೆದು ಅನೌನ್ಸರ್ ಕೈಗೆ ತುರುಕಿದೆ. ಅವನು ಗಾಬರಿಯಲ್ಲಿ, ತನ್ನ ಎಂದಿನ ರಾಗದಲ್ಲೇ ಓದಿದ: "ಮಾನ್ಯ ಕಲಾಭಿಮಾನಿಗಳಲ್ಲಿ ವಿನಂತಿ. ಇಲ್ಲಿ ಸಿನಿಮಾ ಚಿತ್ರೀಕರಣ ನಡೆದಿದೆ. ದಯವಿಟ್ಟು ಸಹಕರಿಸಿ."

ಒಂದು ಕ್ಷಣ ಎಲ್ಲ ಕೈಗಳೂ ನಿಂತವು. ಆ ಒಂದು ಕ್ಷಣದಲ್ಲಿ ನಾನು ಉಸಿರು ಬಿಟ್ಟೆ. ಆಗ ಒಬ್ಬ ಕೂಗಿದ:

"ಕೇಳಿದ್ರೇನಲೇ? ಸಿನಿಮಾದಾಗ ಹಾಕ್ತೀನಂತ ಹೇಳಿ ಹುಡುಗೀನ್ನ ಎಬ್ಬಿಸ್ಕೊಂಡು ಬಂದಾನ!"

ಹೊತ್ತು ಮೀರಿ ಹೇಳಿದ ಸತ್ಯದಿಂದ ಹೊಡೆತ ಹೆಚ್ಚಿತು. ಕ್ಯಾಮೆರಾ ಎಲ್ಲಿ, ಯಾರು ತೆಗೆಯುತ್ತಿರುವವರು ಎಂದು ಕೆಲವರು ಹುಡುಕತೊಡಗಿದರು. ಟ್ರೇಲರಿನ ಮೇಲೆ ಅರವಿಂದ ಕೂತುಬಿಟ್ಟದ್ದು ಕಂಡಿತು. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು.

ಬಾಷಣ್ಣ ದೀಪಾಳ ಕೈ ಬಿಟ್ಟು ಗುಂಪಿನೊಳಗೆ ನುಗ್ಗಿದರು. "ಬಿಡ್ರಪ್ಪಾ, ಬಿಡ್ರಿ. ಇದು ನಾಟಕ, ನಿಮ್ಮ ಕಾಲಿಗೆ ಬೀಳ್ತೀನಿ, ನಾಟಕ ಇದು."

"ನೀ ಅಂಜಬ್ಯಾಡಣ್ಣಾ," ಎಂದು ಒಬ್ಬ ಅವರ ಬೆನ್ನು ತಟ್ಟಿದ. "ಮಾನಕ್ಕ ಅಂಜಿ ನಾಟಕ ಅನ್ನಾಕ ಹತ್ತೀಯಲ್ಲ. ನಿನ್ನ ತಂಗಿ ನಮ್ಮ ತಂಗಿ. ಕುರುಗೋಡಾಗ ಯಾರ ಪೈಕಿ ನೀವು?"

ನಾಟಕ ಎಂದು ತೋರಿಸಲು ಬಾಷಣ್ಣನ ಬಳಿ ಒಂದೇ ಗಟ್ಟಿ ಸಾಕ್ಷಿ ಇತ್ತು. ನಾನು ಇವಳ ಅಣ್ಣನೇ ಅಲ್ಲ, ನನ್ನ ಹೆಸರು ಇಂಥದ್ದು ಎಂದು ಹೇಳುವುದು. ಅದೊಂದನ್ನು ಮಾತ್ರ ಅಲ್ಲಿ ಹೇಳುವಂತಿರಲಿಲ್ಲ. ಆ ಗುಂಪಿನಲ್ಲಿ ಎಲ್ಲ ಥರದ ಮಂದಿಯೂ ಇದ್ದರು, ಕೆಟ್ಟವರೇ ಇದ್ದರು ಎಂದು ನಾನು ಹೇಳಲಾರೆ. ಆದರೆ ರಕ್ತ ಕಂಡ ಕೈಗಳಿಗೆ ಹೊಸದೊಂದು ಹೆಸರು ಸಿಕ್ಕರೆ, ಜಗಳ ಒಬ್ಬ ಹುಡುಗನದಾಗಿ ಉಳಿಯುವುದಿಲ್ಲ. ಅದು ಬಾಷಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ದೊಡ್ಡಬಸಪ್ಪನ ಮಗ," ಎಂದರು. ಕುರುಗೋಡಿನಲ್ಲಿ ಕಲ್ಲು ಒಗೆದರೆ ಒಬ್ಬ ದೊಡ್ಡಬಸಪ್ಪನಿಗೆ ತಾಗುತ್ತದೆ. "ಗುಡ್ಡದ ಕೆಳಗಿನ ಮನಿ."

ಕೇಳಿದವನು ತಲೆಯಾಡಿಸಿದ.

ಅಷ್ಟರಲ್ಲಿ ನೆಲದ ಮೇಲಿದ್ದ ಕಿರಣ ಅವರನ್ನು ಕಂಡ. ಮುಖವೆಲ್ಲ ರಕ್ತ. ಕೈ ಚಾಚಿದ. ನಾನು ವೇದಿಕೆಯ ಮೇಲಿದ್ದೆ, ಎತ್ತರದಿಂದ ಕಾಣುತ್ತಿತ್ತು. ಅವನ ತುಟಿ ಕೂಡಿ ಬಿಚ್ಚಿತು. ಬಾಷಣ್ಣಾ ಎಂದು ಕರೆಯಲಿಕ್ಕೆ. ಮೊದಲ ಅಕ್ಷರ ಹೊರಬಿತ್ತು.

ಬಾಷಣ್ಣ ಬಾಯಿಯ ಮೇಲೆಯೇ ಹೊಡೆದರು. ಗೇಣು ದೂರ ಬಿಡಲಿಲ್ಲ, ತೊಡೆ ಮುಟ್ಟಲಿಲ್ಲ. ಮುಂದಿನ ಎರಡು ಹಲ್ಲು ಹೋದದ್ದು ಆ ಏಟಿಗೆ. ನಂತರ ಅವನ ಕೂದಲು ಹಿಡಿದು ಮೇಲೆತ್ತಿ, ಸುತ್ತ ಒಮ್ಮೆ ನೋಡಿದರು. ಅದುವರೆಗೆ ಬೇಡುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ.

"ಯಾವನೂ ಕೈ ಹಚ್ಚಬ್ಯಾಡ್ರಿ! ಇವನು ನನ್ನ ಪಾಲಿನವನು. ನಮ್ಮ ಮನಿ ಮಾನ ಹೋಗೇತಿ, ನನ್ನ ಕೈಲೇ ಆಗಬೇಕು. ನೀವು ಹೊಡದು ಕೊಟ್ಟ ಹೆಣ ಒಯ್ದು ನಮ್ಮಪ್ಪಗ ಏನಂತ ತೋರಿಸ್ಲಿ? ಮಂದಿ ಕೈಲೆ ಹೊಡಿಸ್ದೆ ಅನ್ಲ್ಯಾ? ಥೂ!"

ಬಿಡಿ ಎಂದದ್ದಕ್ಕೆ ಬಿಡದವರು, ಕಾಲಿಗೆ ಬೀಳುತ್ತೇನೆ ಎಂದಾಗ ಕರಗದವರು, ಈ ಮಾತಿಗೆ ದಾರಿ ಬಿಟ್ಟರು. ಗೌರವದಿಂದ ಬಿಟ್ಟರು. ಅವರು ಕಿರಣನನ್ನು ಎಳೆದುಕೊಂಡು ಗೇಟಿನ ಹೊರಗಿದ್ದ ನಮ್ಮ ಜೀಪಿನವರೆಗೆ ಹೋಗುವಾಗ ಜನ ಎರಡೂ ಕಡೆ ಸಾಲಾಗಿ ನಿಂತಿದ್ದರು. ಹತ್ತಿಸಲು ಕೈ ಹಾಕಿದರು. ಒಬ್ಬ ತನ್ನ ಟವೆಲ್ಲಿನಿಂದ ಕಿರಣನ ಕೈ ಕಟ್ಟಿದ. ಇನ್ನೊಬ್ಬ ಬೊಂಬಿನ ತುಂಡನ್ನು ಒಳಗಿಟ್ಟು, "ಇರ್ಲಿ ಅಣ್ಣಾ, ದಾರ್ಯಾಗ ಬೇಕಾಗ್ತೈತಿ" ಎಂದ.

ನಾನು ದೀಪಾಳನ್ನು ಹುಡುಕಿದೆ. ಹೆಂಗಸರು ಅವಳನ್ನು ಸುತ್ತಿಕೊಂಡಿದ್ದರು. ಒಬ್ಬ ಅಜ್ಜಿ ತನ್ನ ಸೆರಗನ್ನೇ ಅವಳ ತಲೆಗೆ ಹೊದಿಸಿ ನೀರು ಕುಡಿಸುತ್ತಿದ್ದಳು, ಕುಡಿಸುತ್ತಲೇ ತೋಳು ಚಿವುಟುತ್ತಿದ್ದಳು.

"ಅದು ಆಕ್ಟಿಂಗ್ ಅಜ್ಜೀ, ನಿಜಾ ಅಲ್ಲ, ಆಕ್ಟಿಂಗ್," ಎಂದು ದೀಪಾ ಬಿಕ್ಕುತ್ತಿದ್ದಳು.

"ಹೌದು ಬಿಡವ್ವಾ. ಗಂಡಸರು ಮಾಡೋದೆಲ್ಲಾ ಆಕ್ಟಿಂಗೇ. ನಿನಗ ಈಗ ತಿಳೀತು."

ಸತ್ಯ ಹೇಳಿ ಅವಳನ್ನು ಬಿಡಿಸಿಕೊಳ್ಳಲಾಗದು ಎಂದು ಅಷ್ಟರಲ್ಲಿ ನಾನೂ ಕಲಿತಿದ್ದೆ. "ನಾ ಇಕಿ ಅತ್ತಿಗಿ ಅದೀನಿ. ನಮ್ಮ ಮನೆಯವ್ರು ಜೀಪಿನಾಗ ಕಾಯಾಕ ಹತ್ಯಾರ" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೆನ್ನೆಗೆ ತಿವಿದಳು. "ಅತ್ತಿಗಿ ಆಗಿ ಎಲ್ಲಿ ನೋಡ್ಕೋತ ಕುಂತಿದ್ದೀ? ಬೆಳೆದ ಹುಡುಗೀನ್ನ ಹಿಂಗ ಬಿಡ್ತಾರೇನು?"

ದೀಪಾಳ ಕೈ ಹಿಡಿದು ಜೀಪಿನ ಕಡೆ ನಡೆದೆ. ಆ ಮಾತು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಜೀಪಿನ ಹಿಂದೆ ಎರಡು ಬೈಕು ಬಂದವು. ನಾವೂ ಬರ್ತೀವಿ ಅಂದವರನ್ನು ಬಾಷಣ್ಣ ಬೇಡವೆಂದಿದ್ದರು, ಆದರೂ ಬಂದರು. ತೆಕ್ಕಲಕೋಟೆ ದಾಟಿದರೂ ಬೆನ್ನಿಗಿದ್ದರು. ಬಾಷಣ್ಣ ಕಿಟಕಿಯತ್ತ ಮುಖ ಮಾಡಿ, ಬೈಕಿನವರಿಗೆ ಕೇಳಿಸುವಂತೆ ಕಿರಣನಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದರು. ಕೆಳಗೆ, ಕತ್ತಲಲ್ಲಿ, ಅವನ ತಲೆ ಅವರ ತೊಡೆಯ ಮೇಲಿತ್ತು. ಟವೆಲ್ಲನ್ನು ಅವನ ಬಾಯಿಗೆ ಒತ್ತಿ ಹಿಡಿದಿದ್ದರು. ಎರಡು ಬೈಗುಳದ ನಡುವೆ ಧ್ವನಿ ಇಳಿಸಿ, "ಉಸುರಾಡು ಕಂದಾ, ಮೂಗಿಲೆ ಉಸುರಾಡು" ಎನ್ನುತ್ತಿದ್ದರು. ನೇರ ಬಳ್ಳಾರಿಯ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಸುಳ್ಳು ಊರಿನ ಕಡೆಗೇ ಹೋಗಬೇಕಿತ್ತು. ಕುರುಗೋಡಿನ ತಿರುವು ಹಿಡಿದು ಒಂದಷ್ಟು ದೂರ ಹೋದ ಮೇಲೆ ಬೈಕುಗಳು ನಿಂತವು. ಒಬ್ಬ ಕೈ ಎತ್ತಿ ನಮಸ್ಕಾರ ಮಾಡಿದ.

ಕಿರಣನ ಎಡಗೈ ಮುರಿದಿತ್ತು, ಎರಡು ಪಕ್ಕೆಲುಬು ಬಿರುಕು. ಬದುಕಿದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮರುದಿನ ಅವನಿಗೆ ಮೊದಲು ಸರಿಯಾಗಿ ನೆನಪಿದ್ದದ್ದು ಬಾಯಿಯ ಮೇಲಿನ ಏಟೊಂದೇ. "ಅವನ್ನ ಒಳಗ ಬಿಡಬ್ಯಾಡ್ರಿ" ಎಂದು ನರ್ಸಿಗೆ ಬರೆದು ತೋರಿಸಿದ. ಬಾಷಣ್ಣ ನಾಲ್ಕು ದಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಯಾಕೆ ಹೊಡೆದರೆಂದು ನಾನೇ ಕಿರಣನಿಗೆ ಹ್ಯಾಗೋ ಬಿಡಿಸಿ ಹೇಳಿದೆ. ಅವನು ಗೋಡೆ ನೋಡುತ್ತಾ ಕೇಳಿಸಿಕೊಂಡ. ಆಮೇಲೆ ಒಳಗೆ ಕರೆಸಿಕೊಂಡ, ಆದರೆ ಅವರು ಹತ್ತಿರ ಬಂದು ಹಣೆ ಮುಟ್ಟಲು ಕೈ ಎತ್ತಿದಾಗ ಅವನ ಕತ್ತು ತಾನಾಗಿಯೇ ತಿರುಗಿಬಿಟ್ಟಿತು. ಬಾಷಣ್ಣ ಕೈ ಇಳಿಸಿದರು.

ಅರವಿಂದ ಆಸ್ಪತ್ರೆಗೆ ಬಂದು ಆಡಿದ ಮೊದಲ ಮಾತು, "ಕ್ಯಾಮೆರಾದ ಕಾರ್ಡು ಸೇಫ್ ಐತಿ." ದೂರು ಕೊಡೋಣ ಎಂದೆ. ಅನುಮತಿ ಯಾರು ತಗೊಂಡಿದ್ದರು, ಚೀಟಿ ಯಾಕೆ ಕೊಡಲಿಲ್ಲ ಎಂದು ಮೊದಲು ನಿನ್ನನ್ನೇ ಕೇಳುತ್ತಾರೆ ಎಂದ. ನಾನು ದೂರಿನ ಮಾತು ಬಿಟ್ಟೆ. ಅಷ್ಟೇ ಅಲ್ಲ, ಕೂಲರ್ ಹಚ್ಚಿದ ಒಂದು ಕೋಣೆಯಲ್ಲಿ ಎರಡು ತಿಂಗಳು ಅವನ ಪಕ್ಕ ಕೂತು ಆ ಹೊಡೆತವನ್ನು ಕಥೆಗೆ ಹೊಲಿದೆ. ಯಾವ ದುಪಟ್ಟಾ, ಯಾವ ದೀಪ ಎಂದು ಪುಸ್ತಕ ನೋಡಿ ಹೇಳಿದೆ. ದೀಪಾಳ ಮುಖಕ್ಕೆ ಮತ್ತೆ ನೀರು ಚಿಮುಕಿಸಿದೆ. ಆ ಏಟನ್ನು ಅವನು ಹಿಂದೆ ಮುಂದೆ ಮಾಡಿ ನೋಡಿದಷ್ಟೂ ಸಲ ನಾನೂ ನೋಡಿದೆ. ಈಗ ಯಂತ್ರವಿಲ್ಲದೆಯೂ ಅದು ಓಡುತ್ತದೆ. ಪ್ರತಿ ಸಲವೂ ಆ ಹೆಸರು ಪೂರ್ತಿ ಹೊರಬೀಳುವ ಮೊದಲು ಕೈ ಮುಟ್ಟೀತೋ ಇಲ್ಲವೋ ಎಂದು ಕಾಯುತ್ತೇನೆ.

ಬಾಷಣ್ಣ ಎಡಿಟಿಂಗ್ ಕೋಣೆಗೆ ಒಂದೇ ಸಲ ಬಂದರು. ಆ ಏಟು ತೆಗೆಯಿರಿ, ಅದು ಪಾರ್ಟಿನ ಏಟಲ್ಲ ಎಂದರು. ಅರವಿಂದ ಒಪ್ಪಲಿಲ್ಲ. "ಹಂಗಾರ ನನ್ನ ಹೆಸರಾದ್ರೂ ಹಾಕಬ್ಯಾಡ್ರಿ. ಆ ಕಡೆ ಹಳ್ಳಿಗಳಿಗೆ ನಾಟಕ ಕಲಸಾಕ ಹೋಗೋ ಮನುಷ್ಯಾ ನಾನು" ಎಂದರು. ಅದಕ್ಕೆ ಅರವಿಂದ ಕೂಡಲೇ ಒಪ್ಪಿದ. ಹೆಸರು ತೆಗೆಯುವುದು ಸುಲಭ.

ಸಿನಿಮಾ ಥಿಯೇಟರಿಗೆ ಬರಲಿಲ್ಲ, ಫೋನಿಗೆ ಬಂತು. ಜನಜಂಗುಳಿಯ ದೃಶ್ಯ ಥೇಟ್ ನಿಜದಂತೆ ಬಂದಿದೆ ಎಂದು ಹೊಗಳಿ ಬರೆದರು.

ನನಗೆ ಆಮೇಲೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಈ ಮೇ ತಿಂಗಳಲ್ಲಿ ಪರೀಕ್ಷೆಯ ಕೆಲಸಕ್ಕೆ ಸಿರುಗುಪ್ಪಕ್ಕೆ ಹಾಕಿದರು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಕೂತಿದ್ದಾಗ ಎದುರು ಬೆಂಚಿನ ಗಂಡಸೊಬ್ಬ ನನ್ನನ್ನೇ ನೋಡುತ್ತಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ನಗುಮುಖ.

"ಮೇಡಂ, ನೀವು ಆ ಸಿನಿಮಾದಾಗ ಅದೀರಲ್ರೀ? ಸ್ಟೇಜ್ ಮ್ಯಾಲೆ ಚೀಟಿ ಹಿಡ್ಕೊಂಡು ಓಡ್ತೀರಿ!"

ಇಲ್ಲ ಎನ್ನುವಷ್ಟರಲ್ಲಿ ಅವನು ಫೋನು ತೆಗೆದು, ಬೆರಳಿನಿಂದ ಸರಿಸಿ, ಸರಿಯಾಗಿ ಆ ಜಾಗಕ್ಕೇ ತಂದು ನಿಲ್ಲಿಸಿದ. ಎಷ್ಟು ಸಲ ನೋಡಿದ್ದನೋ. "ಇದು ನೋಡ್ರಿ, ಕಡಗದ ಕೈ. ನಂದು. ಕೂದ್ಲ ಹಿಡದೀನಲ್ಲ? ಅವತ್ತು ನಿಜಾ ಅಂತ ತಿಳಕೊಂಡಿದ್ವಿ ನೋಡ್ರಿ. ಆದ್ರೂ ನಮ್ಮ ಆಕ್ಟಿಂಗ್ ಭಾರಿ ಬಂದೈತಿ, ಹೌದಿಲ್ರಿ?"

"ಆ ಹುಡುಗನ ಕೈ ಮುರೀತು," ಎಂದೆ.

"ಅಯ್ಯ, ಸಿನಿಮಾ ಅಂದ್ಮ್ಯಾಲೆ ಸಣ್ಣಪುಟ್ಟ ಇದ್ದದ್ದ ಬಿಡ್ರಿ." ನಿಜವಾಗಿಯೂ ಸಮಾಧಾನ ಹೇಳುವಂತೆ ಹೇಳಿದ. "ಅಣ್ಣನ ಪಾರ್ಟು ಮಾಡ್ಯಾರಲ್ಲ, ಅವರು ಯಾರ್ರೀ? ಹೆಸರ ಹಾಕಿಲ್ಲ. ಗಂಡಸು ಅಂದ್ರ ಹಂಗಿರಬೇಕು. ನಾವು ಹುಡುಗರೆಲ್ಲಾ ಸೇರಿ ಕರೆಸಿ, ಒಂದು ಶಾಲು ಹೊದಿಸಿ ಸನ್ಮಾನ ಮಾಡಬೇಕಂತ ಅದೀವಿ."

ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಹೌದಾ ಎಂದು ನಕ್ಕು, ಇನ್ನೂ ದೊಡ್ಡ ಶಾಲು ತರುತ್ತಿದ್ದನೇನೋ. ಇದ್ದರೂ ಇರಬಹುದು. ಅಥವಾ ಆ ನಗುಮುಖ ಹಾಗೇ ನಿಂತು, ನಮ್ಮ ತಂಗಿ ಎಂದು ಕೂಗಾಡಿದ್ದನ್ನು ಹೊಸದಾಗಿ ಲೆಕ್ಕ ಹಾಕತೊಡಗುತ್ತಿತ್ತೇನೋ. ಮುಖ ನೋಡಿ ಮನುಷ್ಯ ಎಂಥವನೆಂದು ಹೇಳುವ ಶಕ್ತಿಯನ್ನು ನಾನು ಆ ಕಣದಲ್ಲೇ ಕಳೆದುಕೊಂಡಿದ್ದೇನೆ.

"ನನಗ ಗೊತ್ತಿಲ್ರಿ," ಎಂದೆ.

"ಹೋಗ್ಲಿ ಬಿಡ್ರಿ, ಹುಡುಕ್ತೀವಿ. ಈಗಿನ ಕಾಲದಾಗ ಒಬ್ಬ ಮನುಷ್ಯಾನ್ನ ಹುಡುಕೋದೇನು ದೊಡ್ಡದು?"

ಬಸ್ ಸ್ಟ್ಯಾಂಡಿಗೆ ಬಂದು ಬಾಷಣ್ಣನಿಗೆ ಫೋನ್ ಮಾಡಿದೆ. ಮೋಕದಲ್ಲಿ ನಾಟಕ ಕಲಿಸುತ್ತಿದ್ದರು. ಹಿಂದೆ ಹಾರ್ಮೋನಿಯಂ, ಯಾರೋ ಮಾತು ತಪ್ಪಿದ್ದಕ್ಕೆ ನಗು. ನಡೆದದ್ದನ್ನು ಹೇಳಿದೆ. ಹಾರ್ಮೋನಿಯಂ ದೂರವಾಯಿತು, ಅವರು ಹೊರಗೆ ನಡೆದು ಬಂದಿರಬೇಕು.

"ಬರ್ಲಿ ಬಿಡು ತಂಗೀ. ಬಂದ್ರ ಚಾ ಕುಡಿಸಿ ಕಳಿಸೋಣ," ಎಂದರು.

ಆಮೇಲೆ ಇನ್ನೊಂದು ಮಾತು ಕೇಳಿದರು. ಆ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಒಬ್ಬನ ಬರ್ತಾನೇನು ತಂಗೀ, ಮಂದೀನ್ನ ಕರ್ಕೊಂಡು ಬರ್ತಾನೇನು?"

ಹುಡುಗರೆಲ್ಲಾ ಸೇರಿ ಎಂದೇ ಅವನು ಹೇಳಿದ್ದ. ಬಸ್ಸು ಬಂತು ಬಾಷಣ್ಣ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.